ಅಪರಿಚಿತರ ಭಾವಚಿತ್ರ

ಬಾನುಲಿಯಲ್ಲಿ ಮಾತನಾಡುವವನಿಗೆ ಒಂದು ಅನುಕೂಲವುಂಟು. ಅವನ ದನಿ ಮನೆಮನೆಗೂ ಹೋಗುತ್ತದೆ, ಮುಖ ಹೋಗುವುದಿಲ್ಲ. ಕೇಳುವವರು ತಮಗೆ ತೋಚಿದ ಮುಖವೊಂದನ್ನು ಆ ದನಿಗೆ ಕಲ್ಪಿಸಿಕೊಳ್ಳುತ್ತಾರೆ. ಛಾಯಾಚಿತ್ರದ ಪಾಡು ಇದಕ್ಕೆ ತಿರುಗುಮುರುಗು. ಅಲ್ಲಿ ಮುಖವಿದೆ, ದನಿಯಿಲ್ಲ. ನೋಡುವವರು ತಮಗೆ ತೋಚಿದ ಮಾತನ್ನು ಆ ಮುಖದಿಂದ ಆಡಿಸುತ್ತಾರೆ. ಬಲ್ಲವರ ಚಿತ್ರವಾದರೆ ಇದರಿಂದ ಬಾಧಕವೇನಿಲ್ಲ. ಅವರ ದನಿ ನಮ್ಮ ನೆನಪಿನಲ್ಲೇ ಇರುತ್ತದೆ. ಎಂದೂ ಕಂಡರಿಯದ ಒಬ್ಬರನ್ನು ಬೀದಿಯಲ್ಲಿ ಕಂಡು, ಅವರ ಚಿತ್ರ ತೆಗೆದಾಗ ಏನಾಗುತ್ತದೆ? ಆ ಚಿತ್ರದಿಂದ ಅವರು ನಮಗೆ ಪರಿಚಿತರಾಗುತ್ತಾರೆಯೆ? ಈ ಪ್ರಶ್ನೆ ನನ್ನನ್ನು ಸುಮಾರು ನಲವತ್ತು ವರ್ಷಗಳಿಂದ ಬಿಟ್ಟಿಲ್ಲ. ಅದಕ್ಕೆ ಕಾರಣವಾದ ಒಂದು ಪ್ರಸಂಗವನ್ನೂ, ಅದರಿಂದ ನಾನು ಕಲಿತ ಕೆಲವು ಮಾತುಗಳನ್ನೂ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಪದದ ವಿಚಾರ. ಕನ್ನಡ ಮೇಷ್ಟರಿಗೆ ಅದು ಬಿಡದ ಚಾಳಿ. ಒಬ್ಬರ ಮುಖವನ್ನು ಪ್ರಧಾನವಾಗಿ ತೋರುವ ಚಿತ್ರಕ್ಕೆ ನಮ್ಮಲ್ಲಿ 'ಭಾವಚಿತ್ರ' ಎಂಬ ಹೆಸರು ನಿಂತಿದೆ. ಕಣ್ಣು, ಮೂಗು, ಕಿವಿಗಳ ಚಿತ್ರವೆಂದು ಹೇಳದೆ, ಭಾವದ ಚಿತ್ರವೆಂದು ಕರೆದವರು ಯಾರೋ ರಸಿಕರೇ ಇರಬೇಕು. ಆದರೆ ಈ ಪದವನ್ನು ಇಂದು ನಾವು ಹೆಚ್ಚಾಗಿ ಕಾಣುವುದು ಅರ್ಜಿ ನಮೂನೆಗಳಲ್ಲಿ: 'ಇತ್ತೀಚಿನ ಭಾವಚಿತ್ರವನ್ನು ಇಲ್ಲಿ ಅಂಟಿಸತಕ್ಕದ್ದು'. ಆ ಚಿತ್ರದಲ್ಲಿ ನಗಬಾರದು, ತಲೆ ಓರೆಯಾಗಬಾರದು. ಭಾವವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇರಬೇಕಾದ ಚಿತ್ರಕ್ಕೆ ಭಾವಚಿತ್ರವೆಂದು ಹೆಸರು! ಆಧಾರ್ ಚೀಟಿಯಲ್ಲಿರುವ ತಮ್ಮ ಮುಖವನ್ನು ನೋಡಿ ಇದು ನಾನೇ ಎಂದು ಒಪ್ಪಿಕೊಂಡವರನ್ನು ನಾನಂತೂ ಕಂಡಿಲ್ಲ.

ಸಾಹಿತ್ಯದಲ್ಲಿ ಇದರ ಸೋದರ ಪದ 'ವ್ಯಕ್ತಿಚಿತ್ರ'. ಡಿ. ವಿ. ಗುಂಡಪ್ಪನವರು ತಾವು ಬಲ್ಲ ಹಿರಿಯರನ್ನೂ ಸಾಮಾನ್ಯರನ್ನೂ ಕುರಿತು ಬರೆದ ಸಂಪುಟಗಳಿಗೆ 'ಜ್ಞಾಪಕ ಚಿತ್ರಶಾಲೆ' ಎಂದೇ ಹೆಸರಿಟ್ಟರು. ಗೊರೂರರ 'ಹಳ್ಳಿಯ ಚಿತ್ರಗಳು' ನಿಮಗೆ ಗೊತ್ತೇ ಇದೆ. ಲೇಖಕನು ವರ್ಷಗಟ್ಟಲೆ ಒಡನಾಡಿ, ಅನಂತರ ಚಿತ್ರ ಬರೆಯುತ್ತಾನೆ. ಅವನಿಗೆ ಪರಿಚಯ ಮೊದಲು, ಚಿತ್ರ ಆಮೇಲೆ. ಛಾಯಾಚಿತ್ರಕಾರನಿಗೆ ದೊರೆಯುವುದು ಸೆಕೆಂಡಿನ ನೂರಿಪ್ಪತ್ತೈದನೆಯ ಒಂದು ಭಾಗ. ಅವನಿಗೆ ಚಿತ್ರ ಮೊದಲು. ಪರಿಚಯ ಆಮೇಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವನಿಗಿರುವ ಸೌಲಭ್ಯವೂ ಅಪಾಯವೂ ಇದೊಂದರಲ್ಲೇ ಅಡಗಿವೆ.

ಅಪಾಯವನ್ನು ತಿಳಿಯಲು ಸ್ವಲ್ಪ ಚರಿತ್ರೆ ಬೇಕು. ಫ್ರಾನ್ಸಿನ ದಾಗೇರನ ವಿಧಾನ ಲೋಕಕ್ಕೆ ತಿಳಿದುಬಂದದ್ದು 1839ರಲ್ಲಿ. ಆರಂಭದಲ್ಲಿ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೀಳಬೇಕಾಗಿತ್ತು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವಲು ಕೊಟ್ಟು ಕೂರಿಸುತ್ತಿದ್ದರು. ನಮ್ಮ ಮುತ್ತಜ್ಜಂದಿರ ಕಾಲದ ಚಿತ್ರಗಳ ಬಿಗಿದ ಮುಖಗಳಲ್ಲಿ ಈ ಸಂಪ್ರದಾಯದ ಶೇಷವೂ ಸ್ವಲ್ಪ ಉಂಟು. ಅದೆಲ್ಲವನ್ನೂ ಅವರ ಸ್ವಭಾವವೆಂದು ತಿಳಿಯಬೇಕಾಗಿಲ್ಲ. ಕ್ಯಾಮೆರಾ ಭಾರತಕ್ಕೆ ಬಂದ ಮೇಲೆ ಆಳುವವರಿಗೆ ಅದರ ಇನ್ನೊಂದು ಉಪಯೋಗ ಕಂಡಿತು. 1868ರಿಂದ 1875ರವರೆಗೆ ಲಂಡನ್ನಿನಲ್ಲಿ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳು ಪ್ರಕಟವಾದವು. ವಾಟ್ಸನ್ ಮತ್ತು ಕೇ ಎಂಬ ಇಬ್ಬರು ಅದರ ಸಂಪಾದಕರು. ನಾನ್ನೂರಕ್ಕೂ ಹೆಚ್ಚು ಚಿತ್ರಗಳು ಅದರಲ್ಲಿವೆ. ಬಹುಪಾಲು ಚಿತ್ರಗಳ ಕೆಳಗೆ ಇರುವುದು ಒಂದು ಜಾತಿಯ, ಬುಡಕಟ್ಟಿನ ಅಥವಾ ಕಸುಬಿನ ಹೆಸರು. ಕ್ಯಾಮೆರಾದ ಮುಂದೆ ನಿಂತಿದ್ದ ಮನುಷ್ಯನಿಗೂ ಅವನ ತಾಯಿತಂದೆ ಇಟ್ಟ ಹೆಸರೊಂದು ಇದ್ದೇ ಇರಬೇಕಲ್ಲ! ಅದು ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಮಾದರಿ, ಮನುಷ್ಯನಲ್ಲ. 1909ರಲ್ಲಿ ಬಂದ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳೂ ಇದೇ ದಾರಿಯವು.

ಈ ದೃಷ್ಟಿಯನ್ನು ನಮ್ಮ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ರಚಿಸಿದ ಚಿತ್ರಮಾಲೆಯೊಂದರಲ್ಲಿ ಚೆನ್ನಾಗಿ ಅಣಕಿಸಿದ್ದಾರೆ. ಅಲ್ಲಿ ತಾವೇ ಬಗೆಬಗೆಯ ವೇಷ ತೊಟ್ಟು ನಿಂತರು. ಒಂದೆಡೆ ಮೈಯಳೆಯುವ ಚೌಕಳಿಗಳ ಪರದೆಯೂ ಬೆನ್ನ ಹಿಂದಿದೆ. ಅದನ್ನು ನೋಡಿ ನಗು ಬರುತ್ತದೆ. ಆಮೇಲೆ ಆ ನಗು ನಮ್ಮ ಮೇಲೇ ತಿರುಗುತ್ತದೆ. ನನ್ನ ಮೇಲಂತೂ ತಿರುಗಿತು.

1986ರ ಮಾತು. ಎಂ.ಎ. ಮುಗಿಸಿ ಕಾಲೇಜಿನಲ್ಲಿ ಅಧ್ಯಾಪಕನಾಗಿ ಕೆಲವು ವರ್ಷಗಳಾಗಿದ್ದವು. ಮನೆ ರಾಜಾಜಿನಗರದಲ್ಲಿ. 1949ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ಹುಟ್ಟಿದ ಬಡಾವಣೆ ಅದು. ಮಧ್ಯಮ ವರ್ಗದ ಮನೆಗಳೂ, ಕೈಗಾರಿಕಾ ಪ್ರದೇಶದ ಲೇತ್ ಯಂತ್ರಗಳ ಸದ್ದೂ ಒಂದರ ಪಕ್ಕ ಒಂದು ಬಾಳುತ್ತಿದ್ದ ಊರು. ಸೋದರಮಾವ ಕೊಟ್ಟ ಹಳೆಯ ಆಗ್ಫಾ ಕ್ಲಿಕ್ ಕ್ಯಾಮೆರಾ ನನ್ನಲ್ಲಿತ್ತು. ಒಂದು ಸುರುಳಿಗೆ ಹನ್ನೆರಡು ಚಿತ್ರ. ನಮ್ಮ ಅಡ್ಡರಸ್ತೆಯ ಹೊಂಗೆಮರದ ಕೆಳಗೆ ತಿಂಗಳಿಗೊಮ್ಮೆ ಕಲಾಯಿ ಹಾಕುವವರೊಬ್ಬರು ಬಂದು ಕೂರುತ್ತಿದ್ದರು. ನೆಲದಲ್ಲಿ ಗುಳಿ ತೋಡಿ, ಇದ್ದಿಲು ತುಂಬಿ, ತಿದಿಯೊತ್ತಿ, ಕಾದ ಹಿತ್ತಾಳೆಯ ಪಾತ್ರೆಗೆ ನವಸಾಗರ ಉದುರಿಸಿದರೆ ಬಿಳಿಯ ಹೊಗೆ ಬುಗ್ಗನೆ ಏಳುತ್ತಿತ್ತು. ತವರದ ಕಡ್ಡಿ ಮುಟ್ಟಿಸಿ, ಅರಳೆಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಸ್ಟೀಲು ಪಾತ್ರೆಗಳು ಬಂದು ಅವರ ಕೆಲಸ ಕಡಮೆಯಾಗುತ್ತಿದ್ದ ಕಾಲ.

ಒಂದು ಬೆಳಗ್ಗೆ ರಸ್ತೆಯ ಈ ಬದಿಯಲ್ಲಿ ನಿಂತು, ಅವರಿಗೆ ತಿಳಿಯದಂತೆ, ಹೊಗೆ ಎದ್ದ ಗಳಿಗೆಯಲ್ಲಿ ಚಿತ್ರ ತೆಗೆದೆ. ಕಾಲೇಜಿನ ಪ್ರದರ್ಶನದಲ್ಲಿ 'ಮರೆಯಾಗುತ್ತಿರುವ ಕಸುಬು' ಎಂಬ ಶೀರ್ಷಿಕೆ ಕೊಟ್ಟು ತೂಗುಹಾಕಿದೆ. ಮೊದಲ ಬಹುಮಾನ ಬಂತು. ಮರದ ಎಲೆಗಳ ನಡುವಿನಿಂದ ಇಳಿದ ಬಿಸಿಲುಕೋಲುಗಳು ಹೊಗೆಯಲ್ಲಿ ಬಹಳ ಸೊಗಸಾಗಿ ಮೂಡಿವೆಯೆಂದು ಎಲ್ಲರೂ ಹೊಗಳಿದರು. ನಾನೂ ನಂಬಿದೆ.

ಮರುವರ್ಷ ಒಂದು ಸಂಜೆ ಮಧ್ಯವಯಸ್ಸಿನ ಹೆಂಗಸೊಬ್ಬರು ಒಬ್ಬ ಹುಡುಗನನ್ನು ಕರೆದುಕೊಂಡು ನಮ್ಮ ಮನೆಯ ಗೇಟಿನ ಬಳಿ ನಿಂತಿದ್ದರು. "ನಮ್ಮನೆಯವರ ಫೋಟೋ ನಿಮ್ಮತ್ರ ಐತಂತೆ ಮೇಷ್ಟ್ರೆ" ಎಂದರು. ಕಲಾಯಿಯವರು ತೀರಿಕೊಂಡು ಹತ್ತು ದಿನವಾಗಿತ್ತು. ಮನೆಯಲ್ಲಿ ಅವರದೊಂದು ಚಿತ್ರವೂ ಇರಲಿಲ್ಲ. ನಮ್ಮ ಕಾಲೇಜಿನ ಜವಾನರೊಬ್ಬರು ಅವರ ಬೀದಿಯವರಂತೆ. ಗೋಡೆಯ ಮೇಲೆ ನೋಡಿದ್ದನ್ನು ಅವರೇ ಹೇಳಿ ಕಳಿಸಿದ್ದರು. ನಾನು ಉತ್ಸಾಹದಿಂದ ಒಳಗೆ ಹೋಗಿ ಚಿತ್ರ ತಂದುಕೊಟ್ಟೆ. ಆಕೆ ಬೀದಿದೀಪದ ಕಡೆಗೆ ಹಿಡಿದು ಬಹಳ ಹೊತ್ತು ನೋಡಿದರು. ಹುಡುಗನೂ ಇಣುಕಿ ನೋಡಿದ. ಕೊನೆಗೆ ಆಕೆ ಕೇಳಿದರು: "ಇದ್ರಲ್ಲಿ ಹೊಗೆ ಐತೆ. ಅವರೆಲ್ಲಿ ಅವ್ರೆ?"

ನಾನು ಬೆರಳಿಟ್ಟು ತೋರಿಸಿದೆ. ಒಂದು ರುಮಾಲು, ಒಂದು ಬಾಗಿದ ಬೆನ್ನು, ಕೆನ್ನೆಯ ಒಂದು ಅಂಚು. "ಒಂದು ಕೂಗು ಕೂಗಿದ್ದಿದ್ರೆ ತಿರುಗಿ ನೋಡ್ತಿದ್ರಲ್ಲ ಮೇಷ್ಟ್ರೆ" ಎಂದರು. ಆ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಅಷ್ಟು ಸುಲಭದ ಕೆಲಸವನ್ನು ಓದಿದವರು ಏಕೆ ಮಾಡಲಿಲ್ಲವೆಂಬ ಆಶ್ಚರ್ಯವಿತ್ತು. ಆದರೂ ಆ ಚಿತ್ರವನ್ನೇ ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಬೇರೆ ಯಾವುದೂ ಇರಲಿಲ್ಲವಲ್ಲ.

ಲಂಡನ್ನಿನ ಆ ಸಂಪಾದಕರಿಗೂ ನನಗೂ ಏನು ವ್ಯತ್ಯಾಸ? ಅವರು ಜಾತಿಯ ಹೆಸರು ಬರೆದರು, ನಾನು ಕಸುಬಿನ ಹೆಸರು ಬರೆದೆ. ನನ್ನ ಶೀರ್ಷಿಕೆಯಲ್ಲಿ ಮರುಕವಿತ್ತೆಂಬುದು ನಿಜ. ಆದರೆ ಮರುಕವೂ ಒಂದು ಬಗೆಯ ಹೊಗೆಯೇ; ಅದರ ಹಿಂದೆ ಮನುಷ್ಯ ಮರೆಯಾಗಬಹುದು.

ಬೇರೆ ದಾರಿಯಲ್ಲಿ ನಡೆದವರೂ ಇದ್ದಾರೆ. ಜರ್ಮನಿಯ ಆಗಸ್ಟ್ ಸ್ಯಾಂಡರ್ ತನ್ನ ನಾಡಿನ ರೈತರು, ಕೂಲಿಗಳು, ವಕೀಲರು, ಕಲಾವಿದರು, ನಿರುದ್ಯೋಗಿಗಳು ಮೊದಲಾದವರೆಲ್ಲರ ಭಾವಚಿತ್ರಗಳನ್ನು ದಶಕಗಳ ಕಾಲ ತೆಗೆದ. ಅರವತ್ತು ಚಿತ್ರಗಳ ಅವನ ಪುಸ್ತಕ 1929ರಲ್ಲಿ ಬಂತು. ಅವನೂ ಅನೇಕ ಚಿತ್ರಗಳಿಗೆ ಕಸುಬಿನ ಹೆಸರನ್ನೇ ಕೊಟ್ಟ. ಆದರೆ ಅವನ ಮಿಠಾಯಿಗಾರ ಬೋಗುಣಿ ಹಿಡಿದು, ತಾನೇ ಆ ಅಡುಗೆಮನೆಯ ದೊರೆಯೆಂಬಂತೆ, ನೇರವಾಗಿ ನಮ್ಮನ್ನು ನೋಡುತ್ತಾನೆ. ತನ್ನ ಚಿತ್ರ ತೆಗೆಯುತ್ತಿದ್ದಾರೆಂದು ಅವನಿಗೆ ಗೊತ್ತು. ಹೇಗೆ ನಿಲ್ಲಬೇಕೆಂದು ನಿರ್ಧರಿಸಿದವನೂ ಅವನೇ. ಒಂದೇ ಬಗೆಯ ಶ್ರೇಷ್ಠ ಮುಖವನ್ನು ಆರಾಧಿಸುತ್ತಿದ್ದ ನಾಜಿಗಳಿಗೆ ಇಷ್ಟು ಬಗೆಯ ಮುಖಗಳು ಸಹ್ಯವಾಗಲಿಲ್ಲ. 1936ರಲ್ಲಿ ಆ ಪುಸ್ತಕದ ಪ್ರತಿಗಳನ್ನು ವಶಪಡಿಸಿಕೊಂಡು ಅಚ್ಚಿನ ಫಲಕಗಳನ್ನು ನಾಶಮಾಡಿದರು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮವರೇ ಆದ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಇದ್ದರು. 1948ರಲ್ಲಿ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯ ಛಾಯಾಗ್ರಾಹಕರಾಗಿ ಆರಂಭಿಸಿ, ಮುಂದೆ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳಿಗಾಗಿ ದೇಶವನ್ನೆಲ್ಲ ಸುತ್ತಿದರು. ಸಿಡುಬಿನ ನಿರ್ಮೂಲನದ ಕಾರ್ಯವನ್ನು ಚಿತ್ರಿಸಿದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಕನ್ನಡದಲ್ಲಿ 'ಕಾಲಕ್ಕೆ ಕನ್ನಡಿ' ಎಂಬ ನೆನಪಿನ ಪುಸ್ತಕವನ್ನೂ ಬರೆದರು. ಅವರ ಚಿತ್ರಗಳಲ್ಲಿ ಬಡವರು ಬಹಳ ಮಂದಿ ಇದ್ದಾರೆ, ದೀನರು ಕಡಮೆ. ತಮ್ಮ ಕೆಲಸದಲ್ಲಿ, ಆಟದಲ್ಲಿ ತೊಡಗಿದ ಜನ ಅವರು. ನಮ್ಮ ಕನಿಕರಕ್ಕಾಗಿ ಕಾದು ಕುಳಿತವರಲ್ಲ. ಇತ್ತೀಚಿನ ಉದಾಹರಣೆ ಬೇಕೆಂದರೆ ಅಮೆರಿಕದ ಬ್ರ್ಯಾಂಡನ್ ಸ್ಟ್ಯಾಂಟನ್. 2010ರಲ್ಲಿ ನ್ಯೂಯಾರ್ಕಿನ ಹತ್ತು ಸಾವಿರ ಜನರ ಚಿತ್ರ ತೆಗೆಯುವೆನೆಂದು ಹೊರಟ ಆತ, ಬರಬರುತ್ತ ಅವರಾಡಿದ ಮಾತುಗಳನ್ನೂ ಚಿತ್ರದ ಜೊತೆಗೆ ಬರೆಯತೊಡಗಿದ. ಮುಖಕ್ಕೆ ದನಿಯನ್ನು ಮರಳಿಸುವ ಪ್ರಯತ್ನವಿದು.

ನಿವೃತ್ತನಾದ ಮೇಲೆ ನಾನು ಮತ್ತೆ ಕ್ಯಾಮೆರಾ ಹಿಡಿದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಬೀದಿಗಳಲ್ಲಿ ನಡೆಯುತ್ತೇನೆ. 2021ರಲ್ಲಿ ಮೆಟ್ರೊ ಕೆಂಗೇರಿಗೆ ಮುಟ್ಟಿದ ಮೇಲೆ ಅಲ್ಲಿಗೂ ಹೋಗಿಬರುತ್ತೇನೆ. ಈ ಬಾರಿ ನಾನು ಇಟ್ಟುಕೊಂಡ ಕ್ರಮ ಸರಳವಾದದ್ದು: ಮೊದಲು ಕೇಳುವುದು, ಆಮೇಲೆ ತೆಗೆಯುವುದು, ಕೊನೆಗೆ ಪ್ರತಿಯನ್ನು ಒಯ್ದು ಕೈಗೆ ಕೊಡುವುದು.

ತಾಂತ್ರಿಕ ಸಂಗತಿಗಳೂ ಈ ಕ್ರಮದಿಂದ ಬೇರೆಯಲ್ಲ. ದೂರವನ್ನೇ ತೆಗೆದುಕೊಳ್ಳಿ. ಒಂದಡಿ ದೂರದಿಂದ ತೆಗೆದರೆ ಹತ್ತಿರವಿರುವ ಮೂಗು ದೊಡ್ಡದಾಗಿ, ದೂರವಿರುವ ಕಿವಿ ಚಿಕ್ಕದಾಗಿ ಕಾಣುತ್ತದೆ. ಯಾವ ಮುಖವೂ ವಿಕಾರವಾದೀತು. ರಸ್ತೆಯಾಚೆಯಿಂದ ಉದ್ದನೆಯ ಲೆನ್ಸಿನಲ್ಲಿ ಸೆಳೆದರೆ ಅದು ಕದ್ದ ಚಿತ್ರ. ಐದಾರು ಅಡಿಯ ದೂರದಲ್ಲಿ ಮುಖದ ಪ್ರಮಾಣ ಸರಿಯಾಗಿ ಬರುತ್ತದೆ. ಇಬ್ಬರು ನಿಂತು ಸಮಾಧಾನವಾಗಿ ಮಾತನಾಡುವ ದೂರವೂ ಅದೇ. ಎತ್ತರವೂ ಹಾಗೆ: ಕುಳಿತವರನ್ನು ನಿಂತು ತೆಗೆದರೆ ಅವರು ತಲೆಯೆತ್ತಿ ನಮ್ಮನ್ನು ಬೇಡುವವರಂತೆ ಕಾಣುತ್ತಾರೆ. ಅವರು ನೆಲದ ಮೇಲಿದ್ದರೆ ನಾನೂ ನೆಲದ ಮೇಲೆ ಕೂರುತ್ತೇನೆ. ಮಂಡಿ ಒಪ್ಪಿದ ದಿನ.

ಬೆಳಕಿನ ವಿಷಯ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಸೂರ್ಯ ನಡುಹಗಲಿನಲ್ಲಿ ನೆತ್ತಿಯ ಮೇಲೇ ಬಂದು ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಅಂಥ ಬಿಸಿಲಿನಲ್ಲಿ ಕಣ್ಣುಗಳು ಕಪ್ಪು ಗುಳಿಗಳಾಗುತ್ತವೆ. ಕಣ್ಣಿಲ್ಲದ ಭಾವಚಿತ್ರವೆಲ್ಲಿಯದು? ನಮ್ಮ ಚಿಕ್ಕ ಅಂಗಡಿಗಳೇ ಒಳ್ಳೆಯ ಸ್ಟುಡಿಯೊಗಳು. ಷಟರ್ ಮೇಲೆತ್ತಿದ ಅಂಗಡಿಗೆ ಮೂರು ಕಡೆ ಗೋಡೆ, ಒಂದು ಕಡೆ ಮಾತ್ರ ಬೆಳಕು. ಹೊಸ್ತಿಲಿನಿಂದ ಒಂದು ಹೆಜ್ಜೆ ಒಳಗೆ ನಿಂತವರ ಮುಖದ ಮೇಲೆ ಅದು ಮೆತ್ತಗೆ ಬೀಳುತ್ತದೆ.

ಇನ್ನು ಬಣ್ಣ. ಕ್ಯಾಮೆರಾದ ಬೆಳಕಿನಳತೆ ತಾನು ಕಂಡದ್ದನ್ನೆಲ್ಲ ನಡುಬೂದು ಬಣ್ಣವೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಬಿಳಿಯ ಅಂಗಿ ತೊಟ್ಟವರನ್ನು ಸುಣ್ಣ ಬಳಿದ ಗೋಡೆಯ ಮುಂದೆ ನಿಲ್ಲಿಸಿ ಅದರ ಲೆಕ್ಕವನ್ನೇ ನಂಬಿದರೆ ಕಪ್ಪು ಮುಖ ಮತ್ತಷ್ಟು ಕಪ್ಪಾಗಿ, ಲಕ್ಷಣಗಳೇ ಅಳಿಸಿಹೋಗುತ್ತವೆ. ಅಳತೆಯನ್ನು ಮುಖದಿಂದಲೇ ತೆಗೆದುಕೊಳ್ಳಬೇಕು. ಹಿಂದೆ ಕೊಡಾಕ್ ಕಂಪೆನಿ ಬಣ್ಣದ ಚಿತ್ರ ಮುದ್ರಿಸುವವರಿಗೆ ಮಾದರಿಯಾಗಿ ಕಳಿಸುತ್ತಿದ್ದದ್ದು ಬಿಳಿಯ ಹೆಣ್ಣಿನ ಚಿತ್ರವನ್ನು. 'ಶರ್ಲಿ ಕಾರ್ಡ್' ಎಂದು ಅದಕ್ಕೆ ಹೆಸರು. ಬೇರೆ ಬೇರೆ ಮೈಬಣ್ಣಗಳ ಮಾದರಿ ಬಂದದ್ದು 1990ರ ದಶಕದಲ್ಲಿ. ಯಂತ್ರಕ್ಕೂ ಪೂರ್ವಗ್ರಹವುಂಟು, ಏಕೆಂದರೆ ಅದನ್ನು ಮಾಡಿದವರು ಮನುಷ್ಯರು.

ಈ ನಡಿಗೆಗಳಲ್ಲಿ ಕಂಡ ಇಬ್ಬರ ಮಾತು ಹೇಳುತ್ತೇನೆ. ಹೆಸರು ಹೇಳುವುದಿಲ್ಲ. ಅವರು ಒಪ್ಪಿದ್ದು ಚಿತ್ರಕ್ಕೆ, ಬಾನುಲಿಗಲ್ಲ.

ಕೆಂಗೇರಿಯಲ್ಲಿ ಹೂ ಮಾರುವ ಒಬ್ಬ ತಾಯಿ. ಬುಟ್ಟಿಯ ತುಂಬ ಕನಕಾಂಬರ, ಸೇವಂತಿಗೆ. ಬಣ್ಣಗಳನ್ನು ಕಂಡು ನನಗೆ ಆಸೆಯಾಯಿತು. ಕೇಳಿದೆ. "ತೆಗೀರಿ, ಆದರೆ ಈಗ ಬ್ಯಾಡ. ಬುಟ್ಟಿ ಖಾಲಿಯಾಗ್ಲಿ" ಎಂದರು. ಹೂವಿದ್ದರಲ್ಲವೆ ಚೆಂದ ಎಂದೆ. ಅವರು ನಕ್ಕರು: "ಹೂ ತುಂಬಿದ್ರೆ ಇನ್ನೂ ಯಾಪಾರ ಆಗಿಲ್ಲ ಅಂತ ಅರ್ಥ. ಅದನ್ನ ಏನಂತ ಪಟದಾಗೆ ಇಕ್ಕಲಿ?" ಸಂಜೆಯವರೆಗೆ ಕಾದೆ. ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಅವರು ನಿಂತ ನಿಲುವನ್ನು ನಾನು ಹೇಳಿಕೊಟ್ಟು ನಿಲ್ಲಿಸಲಾರೆ. ನನಗೆ ಬೇಕಾಗಿದ್ದದ್ದು ಹೂವಿನ ಚಿತ್ರ. ಅವರು ಕೊಟ್ಟದ್ದು ದುಡಿದು ಮುಗಿಸಿದವರ ಚಿತ್ರ.

ಇನ್ನೊಬ್ಬರು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಲೇತ್ ನಡೆಸುವವರು. ಚಿತ್ರಕ್ಕೆ ನಿಂತಾಗ ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟರು. ಕೆಲಸಗಾರರ ಕೈಗಳು ಕಾಣಬೇಕೆಂಬುದು ನನ್ನ ಹಂಬಲ. ಹೊರಗೆ ತೆಗೆಯಿರೆಂದು ಹೇಳುವುದರಲ್ಲಿದ್ದೆ. ಕಲಾಯಿಯವರ ನೆನಪಾಗಿ ಸುಮ್ಮನಾದೆ. ಪ್ರತಿ ಕೊಡಲು ಹೋದ ದಿನ ಟೀ ತರಿಸಿಕೊಟ್ಟು, ತಾವಾಗಿಯೇ ಆ ಕೈ ತೋರಿಸಿದರು. ಎರಡು ಬೆರಳು ಯಂತ್ರಕ್ಕೆ ಹೋಗಿದ್ದವು. ಊರಿನಲ್ಲಿರುವ ತಾಯಿಗೆ ಇದುವರೆಗೂ ಹೇಳಿಲ್ಲವಂತೆ. ಚಿತ್ರ ಆಕೆಗೆ ಕಳಿಸುವುದಕ್ಕೆಂದೇ ಒಪ್ಪಿದ್ದರು. ಆ ಚಿತ್ರವನ್ನು ನೋಡಿದವರಿಗೆ ಜೇಬಿನಲ್ಲಿ ಕೈಯಿಟ್ಟು ಠೀವಿಯಿಂದ ನಿಂತ ಒಬ್ಬರು ಕಾಣುತ್ತಾರೆ. ಅಷ್ಟು ಕಂಡರೆ ಸಾಕು. ಮಿಕ್ಕದ್ದು ಅವರು ಹೇಳಿದವರಿಗೆ ಮಾತ್ರ.

ಬೇಡವೆಂದವರೂ ಬಹಳ ಮಂದಿ. ಬಸವೇಶ್ವರನಗರದ ಉದ್ಯಾನದ ಬೆಂಚಿನ ಮೇಲೆ ಕೂರುವ ಹಿರಿಯರೊಬ್ಬರು ಕೈಯಾಡಿಸಿಬಿಟ್ಟರು. ಕಾರಣ ಕೇಳಲಿಲ್ಲ, ಪಕ್ಕದಲ್ಲಿ ಕುಳಿತೆ. ಈಗ ಮೂರು ವರ್ಷದಿಂದ ವಾರಕ್ಕೆರಡು ದಿನ ಮಾತನಾಡುತ್ತೇವೆ. ಅವರ ಚಿತ್ರವೊಂದೂ ನನ್ನಲ್ಲಿಲ್ಲ. ಬೀದಿಯಲ್ಲಿ ದೊರೆತವರ ಪೈಕಿ ನಾನು ಚೆನ್ನಾಗಿ ಬಲ್ಲವರೆಂದರೆ ಅವರೇ. ಹಾಗಾದರೆ ಕ್ಯಾಮೆರಾ ಏತಕ್ಕೆ ಎಂದು ನೀವು ಕೇಳಬಹುದು. ಅಪರಿಚಿತರೊಬ್ಬರ ಬಳಿಗೆ ಹೋಗಿ ನಿಲ್ಲಲು ನನ್ನಂಥ ಸಂಕೋಚದವನಿಗೆ ಅದೊಂದು ನೆಪ.

ಈಗ ಎಲ್ಲರ ಕೈಯಲ್ಲೂ ಫೋನು ಇದೆ. ಚಿತ್ರವಿಲ್ಲದ ಮನೆಯಿಲ್ಲವೆಂದು ತೋರುತ್ತದೆ. ಆದರೂ ಯಾರಾದರೂ ಹೋದಾಗ ಮದುವೆಯ ಗುಂಪಿನ ಚಿತ್ರದಿಂದ ಮುಖವೊಂದನ್ನು ಕತ್ತರಿಸಿ ದೊಡ್ಡದು ಮಾಡಿಸಿಕೊಂಡು ಬಂದು ಹಾರ ಹಾಕುವುದನ್ನು ನೀವೂ ಕಂಡಿದ್ದೀರಿ. ಭುಜದ ಮೇಲೆ ಇನ್ನಾರದೋ ಕೈ ಉಳಿದಿರುತ್ತದೆ. ಒಬ್ಬರನ್ನು ಅವರಿಗಾಗಿಯೇ ನಿಲ್ಲಿಸಿ, ಕರೆದು, ತಿರುಗಿ ನೋಡಿದ ಮುಖವನ್ನು ತೆಗೆದ ಚಿತ್ರ ಇಂದಿಗೂ ಅಪರೂಪವೇ.

ಕಲಾಯಿಯವರ ಚಿತ್ರದ ನೆಗೆಟಿವ್ ನನ್ನ ಬಳಿ ಇದೆ. ಹೊಸ ಸಲಕರಣೆಗಳಿಂದ ಹೊಗೆಯನ್ನು ತಿಳಿಮಾಡಿ ನೋಡಿದೆ. ಹೊಗೆ ಹೋಯಿತು, ಬಾಗಿದ ಬೆನ್ನು ಹಾಗೆಯೇ ಉಳಿಯಿತು. ಹೂವಿನ ತಾಯಿಯ ಹೆಸರನ್ನೂ ಲೇತಿನವರ ಹೆಸರನ್ನೂ ನಾನು ಇಲ್ಲಿ ಹೇಳದಿರುವುದು ಅವರ ಮೇಲಿನ ಗೌರವದಿಂದ. ಕಲಾಯಿಯವರ ಹೆಸರು ಹೇಳದಿರುವುದಕ್ಕೆ ಕಾರಣ ಅದಲ್ಲ. ಆ ಸಂಜೆ ಅವರ ಹೆಂಡತಿ ನಮ್ಮ ಗೇಟಿನ ಬಳಿ ಅಷ್ಟು ಹೊತ್ತು ನಿಂತಿದ್ದಾಗಲೂ ಹೆಸರು ಕೇಳಬೇಕೆಂದು ನನಗೆ ತೋಚಲಿಲ್ಲ.